ಅರಳದ ಸುಣ್ಣ

ರೋಮ್, ಚೇಲಿಯೊ ಗುಡ್ಡ
1081, ಮೇ 26

ಬೆರಾಲ್ಡೊ,

ಆಶೀರ್ವಾದ ಎಂದು ಬರೆಯಲು ಹೋಗಿ ಕೈ ತಡೆಯಿತು. ಹುಟ್ಟಿದ ಊರಿನ ಗೋಡೆಯಾಚೆ ಶತ್ರುವಿನ ಡೇರೆಯಲ್ಲಿ ಕೂತವನಿಗೆ ಒಳಗಿರುವ ಅಕ್ಕ ಏನೆಂದು ಆಶೀರ್ವದಿಸಬೇಕು?

ಚೀಸ್ ಮಾರುವ ಬೊನಿಜ್ಜಾ ನಿನ್ನನ್ನು ನೋಡಿದಳಂತೆ. ಅವಳಿಗೇನು, ಎರಡೂ ಕಡೆಯವರು ಗಿರಾಕಿಗಳೇ. "ನಿನ್ ತಮ್ಮ ಕಣೇ ಇಮಿಲಿಯಾ, ನೀರೋನ ಬಯಲಲ್ಲಿ ಕೂತು ಏಣಿಗೆ ಮೆಟ್ಲು ಬಡೀತಿದ್ದ. ತಲೆ ಬೋಳ್ಸಿದ ಪಾದ್ರಿ, ಕೈಲಿ ಸುತ್ತಿಗೆ! ಎಂಥಾ ಕಾಲ ಬಂತವ್ವ" ಎಂದಳು. "ನಮ್ಮಪ್ಪ ಪತ್ರ ಬರೆಯೋ ಗುಮಾಸ್ತ. ನಮ್ಮನೇಲಿ ಯಾರೂ ಸುತ್ತಿಗೆ ಹಿಡ್ದೋರಲ್ಲ" ಎಂದೆ. "ಎಡಗಿವಿ ಹಿಂದೆ ಹುರುಳಿಕಾಳಿನಷ್ಟು ಮಚ್ಚೆ ಇಲ್ವೇನೆ ಅವನಿಗೆ?" ಎಂದಳು. 

ಉತ್ತರದಿಂದ ದಂಡೆತ್ತಿ ಬಂದಿರುವ ನಿನ್ನ ಈ ರಾಜ ನಾಲ್ಕು ವರ್ಷದ ಹಿಂದೆ ಹಿಮದಲ್ಲಿ ಬರಿಗಾಲಲ್ಲಿ ಮೂರು ದಿನ ನಿಂತು ನಮ್ಮ ಪೋಪರ ಕ್ಷಮೆ ಬೇಡಿದವನಲ್ಲವೇ? ಕಾಲು ಬೆಚ್ಚಗಾದ ಮೇಲೆ ಬುದ್ಧಿ ಬದಲಾಯಿತೋ? ಈಗ ತನ್ನದೇ ಒಬ್ಬ ಪೋಪನನ್ನು ಹುಟ್ಟಿಸಿಕೊಂಡು, ಗಾಡಿಯಲ್ಲಿ ಹೇರಿಕೊಂಡು ಬಂದಿದ್ದಾನೆ.

ನಿನಗೆ ಬಿಷಪ್ ಪಟ್ಟದ ಆಸೆ ತೋರಿಸಿದರೇನು? ನನ್ನ ಗಂಡ ಸತ್ತಾಗ ಮೈದುನರು ಸುಣ್ಣದ ಭಟ್ಟಿ ಕಿತ್ತುಕೊಳ್ಳಲು ದೊಣ್ಣೆ ಹಿಡಿದು ಬಂದದ್ದು ನಿನಗೆ ನೆನಪಿರಬೇಕು. ಆಗಿನ್ನೂ ಪಟ್ಟಕ್ಕೇರದಿದ್ದ ನಮ್ಮ ಪೋಪರ ಒಂದು ಮಾತಿನಿಂದ ಭಟ್ಟಿ ನನಗೂ ಮಗಳು ರೊಗಾತಾಳಿಗೂ ಉಳಿಯಿತು. ನಾನು ಆ ಅನ್ನ ಉಂಡವಳು.

ಹೆಂಡತಿ ಗಿಸ್ಲಾಳನ್ನು ಎಲ್ಲಿ ಬಿಟ್ಟು ಬಂದೆ? ನಿನ್ನ ಹುಚ್ಚಾಟಕ್ಕೆ ಅವಳು ಹೇಗೆ ಒಪ್ಪಿದಳು? ಅವಳ ಬಾಯಿಗೆ ಹೆದರಿಯಾದರೂ ಮನೆಗೆ ಹೋಗು. ಅತ್ತಿಗೆ ಕೇಳಿದಳು ಎಂದು ಹೇಳು.

ಇಮಿಲಿಯಾ


ನೀರೋನ ಬಯಲು, ರಾಜನ ದಂಡು
1081, ಜೂನ್ 20

ಅಕ್ಕನಿಗೆ ಬೆರಾಲ್ಡೊ ಮಾಡುವ ವಂದನೆಗಳು.

ಬಿಷಪ್ ಪಟ್ಟದ ಆಸೆ ನನಗಿಲ್ಲ. ನನಗೆ ನನ್ನ ಹಳ್ಳಿಯ ಚರ್ಚೇ ಸಾಕಾಗಿತ್ತು. ಲೋದಿಯ ಹತ್ತಿರ ಹದಿನಾಲ್ಕು ಮನೆಯ ಊರು, ನಡುವೆ ಒಂದು ಬಾವಿ. ಒಂಬತ್ತು ವರ್ಷ ಅವರ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದೆ, ಅವರ ಮುದುಕರನ್ನು ಹೂತೆ. ಪಾದ್ರಿಗೆ ಹೆಂಡತಿ ಇರುವುದು ಆ ಸೀಮೆಯಲ್ಲಿ ಅಜ್ಜನ ಕಾಲದಿಂದ ಬಂದದ್ದು, ಯಾರೂ ಹುಬ್ಬೇರಿಸುತ್ತಿರಲಿಲ್ಲ.

ಆಮೇಲೆ ನಿನ್ನ ಪೋಪರ ಆಜ್ಞೆ ಬಂತು. ಹೆಂಡತಿ ಇರುವ ಪಾದ್ರಿಯ ಪೂಜೆಗೆ ಯಾರೂ ಹೋಗಬಾರದು, ಅವನ ಕೈಯಿಂದ ಏನನ್ನೂ ತೆಗೆದುಕೊಳ್ಳಬಾರದು. ಮುಂದಿನ ಭಾನುವಾರ ಚರ್ಚಿನಲ್ಲಿ ಇದ್ದದ್ದು ನಾನು, ಗಿಸ್ಲಾ ಮತ್ತು ಒಂದು ನಾಯಿ. ಬಾಗಿಲಲ್ಲಿ ನಿಂತ ಗಾಣಿಗ ಹೇಳಿದ: "ಸ್ವಾಮಿ, ನಿಮ್ ಕೈ ರೊಟ್ಟೀನ ಆ ನಾಯೀನೂ ಮೂಸಲ್ಲ." ಗಿಸ್ಲಾ ಬಿದ್ದು ಬಿದ್ದು ನಕ್ಕಳು. "ನಾಯಿಗೆ ಪೋಪರ ಆಜ್ಞೆ ಓದೋಕೆ ಬರುತ್ತೆ, ನಿಂಗೆ ಬರಲ್ಲ ನೋಡು" ಎಂದು ಅವನಿಗೇ ತಿರುಗಿಸಿ ಹೇಳಿದಳು.

ಅವಳು ಈಗ ನೆಮ್ಮದಿಯಾಗಿದ್ದಾಳೆ. ಯಾರ ಗದ್ದಲವೂ ಅವಳ ತನಕ ಬರುವುದಿಲ್ಲ. ಅವಳ ಚಿಂತೆ ಬಿಡು.

ಸೆಕೆಗೆ ದಂಡಿನಲ್ಲಿ ಜ್ವರ ಹತ್ತಿದೆ. ರಾಜ ಹಿಂದಕ್ಕೆ ಹೊರಟಿದ್ದಾನೆ, ಮತ್ತೆ ಬರುತ್ತಾನೆ. ಅಷ್ಟರಲ್ಲಿ ರೊಗಾತಾಳನ್ನು ಕರೆದುಕೊಂಡು ನೀನು ಊರು ಬಿಡು. ನಾನು ಮಾಡಿದ ಏಣಿಯಲ್ಲಿ ಹತ್ತಿ ಬರುವವರು ಯಾರು ಯಾರ ಅಕ್ಕ ಎಂದು ವಿಚಾರಿಸುವುದಿಲ್ಲ.

ಬೆರಾಲ್ಡೊ


ರೋಮ್
1082, ಮಾರ್ಚ್ 19

ಬೆರಾಲ್ಡೊ,

ಮತ್ತೆ ಬಂದಿರಿ. ನಾವೂ ಇಲ್ಲೇ ಇದ್ದೇವೆ.

ರೊಗಾತಾಳ ಮದುವೆಯಾಯಿತು. ಹುಡುಗನ ಹೆಸರು ಸಾಸ್ಸೊ, ಗೋಡೆಯ ಕಾವಲಿನವನು. ಒಳ್ಳೆಯ ಆಳು, ನಾಲ್ಕು ಹಲ್ಲಿಲ್ಲ, ಅವು ನಿಮ್ಮ ಕವಣೆ ಕಲ್ಲಿಗೆ ಹೋದವು. "ಮಾವ ಸಿಕ್ರೆ ನಾಲ್ಕೂ ವಸೂಲಿ ಮಾಡ್ತೀನಿ ಅತ್ತೆ" ಎಂದು ನಗುತ್ತಾನೆ. ನಕ್ಕಾಗಲೇ ಆ ಸಂದು ಕಾಣುವುದು.

ಭಟ್ಟಿಗೆ ಬಿಡುವೇ ಇಲ್ಲ. ಹಳೆಯ ಅಮೃತಶಿಲೆಯ ಕಂಬ, ದೇವತೆಗಳ ಕೈಕಾಲು, ಸಿಕ್ಕಿದ್ದನ್ನೆಲ್ಲ ಒಡೆದು ಸುಡುತ್ತಿದ್ದೇನೆ. ಗೋಡೆ ಕೆಲಸಕ್ಕೆಂದು ಒಯ್ಯುತ್ತಾರೆ. ಮೊದಲೆಲ್ಲ ನೀರು ಹಾಕಿ ಅರಳಿಸಿ ಕೊಡುತ್ತಿದ್ದೆ. ಈಗ ಅರಳದ ಸುಣ್ಣವನ್ನೇ ಪುಡಿ ಮಾಡಿ ಸಣ್ಣ ಮಡಕೆಗಳಲ್ಲಿ ತುಂಬಿಸಿಕೊಳ್ಳುತ್ತಾರೆ. ಗಾರೆಯವರಿಗೆ ಹಾಗೇ ಅನುಕೂಲವಂತೆ.

ಗಿಸ್ಲಾಗೆ ಒಂದು ಉಣ್ಣೆಯ ಶಾಲು ಕಳಿಸಿದ್ದೇನೆ. ಅವಳು ಬಸುರಿ ಎಂದು ಒಂದೂವರೆ ವರ್ಷದ ಹಿಂದೆ ನೀನೇ ಬರೆದಿದ್ದೆ. ಆಮೇಲೆ ಮಗುವಿನ ಮಾತೇ ಇಲ್ಲ. ಗಂಡೋ ಹೆಣ್ಣೋ ಹೇಳಲೂ ಜಗಳ ಅಡ್ಡ ಬಂತೇ? ಶಾಲು ದೊಡ್ಡದಿದೆ. ತಾಯಿಮಗು ಇಬ್ಬರೂ ಹೊದೆಯಬಹುದು.

ಇಮಿಲಿಯಾ


ಸಂತ ಪೇತ್ರರ ಚರ್ಚಿನ ಅಂಗಳ
1083, ಜೂನ್ 9

ಅಕ್ಕಾ,

ಹೊಳೆಯ ಈಚೆಯ ದಡ ಈಗ ನಮ್ಮದು. ಗೋಡೆಯ ಒಂದು ಮೂಲೆಯಲ್ಲಿ ಕಾವಲಿನವರು ಹಸಿವಿನಿಂದ ಕುಸಿದು ಮಲಗಿದ್ದರು. ನನ್ನ ಏಣಿ ಅಲ್ಲಿಗೇ ಹೋಯಿತು. ಮೊದಲು ಹತ್ತಿದವರು ಅವರನ್ನು ಎಬ್ಬಿಸಲಿಲ್ಲ, ಹಾಗೇ ಕತ್ತು ಕೊಯ್ದರು. ಆರು ದಿನದಿಂದ ಚರ್ಚಿನ ನೆಲ ತೊಳೆಯುತ್ತಿದ್ದೇನೆ. ಓಡಿ ಬಂದು ಬಲಿಪೀಠ ಹಿಡಿದುಕೊಂಡವರನ್ನು ಅಲ್ಲೇ ಕಡಿದಿದ್ದಾರೆ. ಕಲ್ಲಿನ ಸಂದಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಚಾಕುವಿನಿಂದ ಕೆರೆಯಬೇಕು.

ವುಲ್ಫೊ ಎಂಬ ಬಡಗಿಯ ವಿಷಯ ಹೇಳುತ್ತೇನೆ. ನನಗೆ ಸುತ್ತಿಗೆ ಹಿಡಿಯಲು ಕಲಿಸಿದವನು. ನಾವು ಗೋಡೆ ಹತ್ತುವುದಕ್ಕೆ ಒಂದು ವಾರ ಮೊದಲು ಮೇಲಿಂದ ಒಂದು ಮಡಕೆ ಬಂದು ಅವನ ಹಣೆಗೆ ಒಡೆಯಿತು. ಬಿಳಿ ಪುಡಿ. "ಕಣ್ಣು! ನೀರು ಹಾಕೋ ಪಾದ್ರಿ, ನೀರು!" ಎಂದು ಕಿರುಚಿದ. ನಾನು ಒಂದು ಬಕೀಟು ನೀರು ಸುರಿದೆ. ಹಾಲು ಉಕ್ಕಿದ ಹಾಗೆ ಅವನ ಕಣ್ಣು ಉಕ್ಕಿತು. ನಾನೇ ಸುರಿದದ್ದು. ಮೂರು ದಿನ ಬದುಕಿದ್ದ.

ಸುಣ್ಣ ಯಾರ ಭಟ್ಟಿಯದು ಎಂದು ಕೇಳುವುದಿಲ್ಲ.

ನೀನು ಗಿಸ್ಲಾಳ ಬಗ್ಗೆ ಕೇಳಿದೆ. ಎರಡು ಸಲ ಕೇಳಿದೆ. 1080ರ ಕ್ರಿಸ್ತಜಯಂತಿಯ ವಾರ, ನಾನು ಸಾಯುತ್ತಿದ್ದವನೊಬ್ಬನ ಪ್ರಾರ್ಥನೆಗೆ ಪಕ್ಕದ ಊರಿಗೆ ಹೋಗಿದ್ದೆ. ಹದಿನಾಲ್ಕು ಮನೆಯವರು ಸೇರಿ ಅವಳನ್ನು ಬಾವಿಯ ಹತ್ತಿರ ಎಳೆದು ತಂದರು. ಪಾದ್ರಿಯ ಸೂಳೆ ಇದ್ದರೆ ಊರಿಗೆ ಶಾಪ ಎಂದು ಯಾರೋ ಉಪದೇಶ ಮಾಡಿದ್ದ. ನಾನು ಬರುವಷ್ಟರಲ್ಲಿ ಕಲ್ಲಿನ ಗುಡ್ಡೆಯಿಂದ ಅವಳ ಒಂದು ಕೈ ಮಾತ್ರ ಕಾಣುತ್ತಿತ್ತು. ಐದು ತಿಂಗಳ ಬಸುರಿ. ಕಲ್ಲುಗಳನ್ನು ಒಂದೊಂದಾಗಿ ನಾನೇ ತೆಗೆದೆ.

ಇನ್ನು ಶಾಲು ಕಳಿಸಬೇಡ.

ಬೆರಾಲ್ಡೊ


ರೋಮ್
1083, ಡಿಸೆಂಬರ್ 4

ತಮ್ಮಾ,

ನಿನ್ನ ಕಾಗದ ಬಂದು ಆರು ತಿಂಗಳಾಯಿತು. ಗಿಸ್ಲಾ ಎಂದು ಬರೆದು ಮುಂದೆ ಏನೂ ಹೊಳೆಯದೆ ಎಷ್ಟೋ ಸಲ ಬಿಟ್ಟೆ. ಬೇಸಿಗೆಯಲ್ಲಿ ರಾಜ ಬಿಟ್ಟುಹೋದ ಕಾವಲು ಪಡೆಯೆಲ್ಲ ಜ್ವರಕ್ಕೆ ಸತ್ತಿತು ಎಂದು ಊರಿನಲ್ಲಿ ಗಂಟೆ ಬಾರಿಸಿದರು. ನೀನು ಅದರಲ್ಲಿದ್ದೆಯೋ ಇಲ್ಲವೋ ತಿಳಿಯದೆ ನಾನು ಆ ಗಂಟೆ ಕೇಳಿದೆ. ಬದುಕಿದ್ದೀಯ ಎಂದು ಬೊನಿಜ್ಜಾ ನಿನ್ನೆ ಹೇಳಿದಳು.

ಸುಣ್ಣ ನನ್ನದೇ. ನಾನೇ ಕುಟ್ಟಿದ್ದು, ನಾನೇ ಜರಡಿ ಹಿಡಿದದ್ದು. ಗಾರೆಯವರಿಗೆ ಎಂದು ಸುಳ್ಳು ಬರೆದೆ. ಗೋಡೆಯ ಆಚೆ ನೀನಿದ್ದೀಯ ಎಂದು ಗೊತ್ತಿದ್ದೇ ಕುಟ್ಟಿದೆ. ಕಣ್ಣಿಗೆ ಬಿದ್ದರೆ ನೀರು ಹಾಕಬಾರದು, ಎಣ್ಣೆ ಹಾಕಿ ಒರೆಸಬೇಕು. ಇದನ್ನು ನಿನಗೆ ಎರಡು ವರ್ಷ ಮೊದಲೇ ಬರೆಯಬಹುದಿತ್ತು. ಬರೆದರೆ ನಮ್ಮವರಿಗೆ ದ್ರೋಹ ಎಂದುಕೊಂಡೆ.

ಹೋದ ತಿಂಗಳು ನಾವು ಹೆಂಗಸರೆಲ್ಲ ಪೋಪರ ಅರಮನೆಯ ಬಾಗಿಲಿಗೆ ಹೋಗಿ ಮಂಡಿಯೂರಿದೆವು. ರಾಜನನ್ನು ಕ್ಷಮಿಸಿಬಿಡಿ, ಊರು ಉಳಿಯಲಿ ಎಂದು ಬೇಡಿದೆವು. ರಾಜ ಮೊದಲು ಪಶ್ಚಾತ್ತಾಪಪಡಲಿ ಎಂದು ಒಳಗಿನಿಂದ ಉತ್ತರ ಬಂತು. ನನ್ನ ಪಕ್ಕದಲ್ಲಿದ್ದವಳು ಎದ್ದು ನಿಂತು, "ಅಲ್ಲೀ ತನಕ ನಾವು ಇಲಿ ತಿನ್ಕೊಂಡಿರ್ಬೇಕಾ ಸ್ವಾಮಿ?" ಎಂದು ಕೂಗಿದಳು. ಯಾರೂ ನಗಲಿಲ್ಲ. ಅವಳ ಮನೆಯಲ್ಲಿ ನಿಜವಾಗಿ ಇಲಿಯೇ ಬೇಯುತ್ತಿತ್ತು.

ಆದರೂ ನಾನು ಅವರ ಕಡೆಯವಳೇ. ಎರಡೂವರೆ ವರ್ಷ ಹಸಿದು ಕಾದದ್ದು ಸುಳ್ಳಾಗಬಾರದಲ್ಲ.



ಅಕ್ಕ


ರೋಮ್, ನಿನ್ನ ಬಾಗಿಲ ಹೊರಗೆ
1084, ಮಾರ್ಚ್ 24

ಅಕ್ಕಾ,

ಇದನ್ನು ಬಾಗಿಲ ಕೆಳಗಿಂದ ತೂರಿಸುತ್ತಿದ್ದೇನೆ.

ನಿಮ್ಮ ಊರಿನವರೇ ಹೆಬ್ಬಾಗಿಲು ತೆರೆದು ರಾಜನನ್ನು ಒಳಗೆ ಬಿಟ್ಟರು. ನಿನ್ನ ಪೋಪರು ಹೊಳೆಯ ದಡದ ಕೋಟೆ ಸೇರಿ ಅಗುಳಿ ಹಾಕಿಕೊಂಡಿದ್ದಾರೆ. ಇನ್ನೊಂದು ವಾರಕ್ಕೆ ಈಸ್ಟರ್; ರಾಜನಿಗೆ ಚಕ್ರವರ್ತಿಯ ಕಿರೀಟ.

"ಅಕ್ಕಾ, ನಾನು ಕಣೇ" ಎಂದು ಬಾಗಿಲು ತಟ್ಟಿದೆ. ನಿನ್ನ ಉಸಿರು ಹಲಗೆಯ ಆಚೆ ಕೇಳುತ್ತಿತ್ತು. ಆಮೇಲೆ ಒಂದು ಕೂಸು ಅತ್ತಿತು. ನೀನು ಅಜ್ಜಿಯಾದದ್ದನ್ನು ನನಗೆ ಬಾಗಿಲು ಹೇಳಿತು.

ಜೊತೆಗಿದ್ದ ಸಿಪಾಯಿ, "ಒದ್ದು ತೆಗೀಲಾ ಪಾದ್ರಿ?" ಎಂದ. "ಕಾಲು ಮುರೀತೀನಿ. ಅದು ನಮ್ಮಕ್ಕನ ಮನೆ" ಎಂದೆ. ಬಾಗಿಲ ಮೇಲೆ ಕೆಂಪು ಮಣ್ಣಿನಲ್ಲಿ ರಾಜನ ಗುರುತು ಬರೆದಿದ್ದೇನೆ, ಕಿರೀಟ ಮತ್ತು ಶಿಲುಬೆ. ಅದು ಇರುವ ಮನೆಯನ್ನು ನಮ್ಮವರು ಯಾರೂ ಮುಟ್ಟುವುದಿಲ್ಲ. ಒರೆಸಬೇಡ.

ಬೆರಾಲ್ಡೊ


ರೋಮ್
1084, ಮೇ 20

ತಮ್ಮಾ,

ನಿನ್ನ ಸಂದೇಶವನ್ನು ಬೊನಿಜ್ಜಾ ತಲುಪಿಸಿದಳು. ದಕ್ಷಿಣದಿಂದ ನಾರ್ಮನ್ ದೊರೆ ದೊಡ್ಡ ದಂಡು ತೆಗೆದುಕೊಂಡು ಬರುತ್ತಿದ್ದಾನೆ, ರಾಜ ನಾಳೆ ಊರು ಬಿಡುತ್ತಾನೆ, ಗಾಡಿಯಲ್ಲಿ ನಮಗೂ ಜಾಗ ಇದೆ ಎಂದಿದ್ದೀಯ.

ನಾನೇಕೆ ಓಡಲಿ? ಬರುತ್ತಿರುವವರು ಪೋಪರನ್ನು ಬಿಡಿಸಲು ಬರುತ್ತಿರುವವರು. ಮೂರು ವರ್ಷ ಇಲಿ ತಿಂದು ಕಾದದ್ದು ಇವರಿಗಾಗಿಯೇ. ಮನೆಗೆ ಬರುವ ನೆಂಟರಿಗೆ ಹೆದರಿ ಊರು ಬಿಡುವವರುಂಟೇ? ಸಾಸ್ಸೊ ಮೊನ್ನೆಯಿಂದ ಕತ್ತಿ ಬಿಟ್ಟು ತಲೆ ಬಾಚಿಕೊಳ್ಳುತ್ತಿದ್ದಾನೆ.

ಅಂದು ಬಾಗಿಲು ತೆರೆಯದಿದ್ದದ್ದು ಕೋಪದಿಂದಲ್ಲ. ಅಗುಳಿಯ ಮೇಲೆ ಕೈ ಇಟ್ಟಿದ್ದೆ. ತೆರೆದರೆ ನಿನ್ನ ಕಣ್ಣು ನೋಡಬೇಕಾಗುತ್ತಿತ್ತು.

ಆ ಕೆಂಪು ಗುರುತನ್ನು ಒರೆಸು ಎಂದು ರೊಗಾತಾ ದಿನಾ ಹೇಳುತ್ತಾಳೆ. ನೀನು ಬರೆದದ್ದೆಂದು ಬಿಟ್ಟಿದ್ದೇನೆ.

ಹುಷಾರಾಗಿ ಹೋಗು.

ಅಕ್ಕ


ಲೋದಿಯ ಹತ್ತಿರ
1084, ಸೆಪ್ಟೆಂಬರ್ 30

ಅಕ್ಕಾ,

ಇದು ನಾನು ಬರೆಯುತ್ತಿರುವ ನಾಲ್ಕನೆಯ ಕಾಗದ. ಮೊದಲಿನ ಮೂರೂ ವಾಪಸು ಬಂದವು. ರೋಮಿನಿಂದ ಬಂದ ಯಾತ್ರಿಕನೊಬ್ಬನನ್ನು ಚೇಲಿಯೊ ಗುಡ್ಡದಲ್ಲಿ ಸುಣ್ಣದ ಭಟ್ಟಿಯ ಇಮಿಲಿಯಾ ಗೊತ್ತೇ ಎಂದು ಕೇಳಿದೆ. "ಯಾವ ಗುಡ್ಡ ಸ್ವಾಮಿ? ಅಲ್ಲಿ ಮನೇನೇ ಇಲ್ವಲ್ಲ" ಎಂದ. ಒಂದು ಸಾಲು ಬರೆ. ಬೈದಾದರೂ ಬರೆ.

ಬೆರಾಲ್ಡೊ


ಸಲೆರ್ನೊ
1085, ಫೆಬ್ರವರಿ 12

ತಮ್ಮಾ,

ಬದುಕಿದ್ದೇನೆ. ಎಡಗೈ ಮಡಚುವುದಿಲ್ಲ, ಬರೆಯಲು ಬಲಗೈ ಇದೆ.

ಮೇ ಇಪ್ಪತ್ತೆಂಟರ ಬೆಳಗ್ಗೆ ಅವರು ಊರಿಗೆ ನುಗ್ಗಿದರು. ಸಾಸ್ಸೊ ಓಡಿ ಬಂದು, "ಬಂದ್ರು ಅತ್ತೆ! ನಮ್ಮೋರು ಬಂದ್ರು! ಪೋಪರನ್ನ ಬಿಡಿಸ್ಕೊಂಡ್ರು!" ಎಂದು ನನ್ನನ್ನು ಎತ್ತಿ ಸುತ್ತಿಸಿದ. ಮೇಜಿನ ಮೇಲೆ ರೊಟ್ಟಿ, ಆಲಿವ್, ಬಚ್ಚಿಟ್ಟಿದ್ದ ವೈನ್ ಇಟ್ಟು ಕಾದೆವು. ಎರಡು ದಿನ ಯಾರೂ ಬರಲಿಲ್ಲ. ಮೂರನೆಯ ದಿನ ಅವರ ಲೂಟಿ ತಾಳದೆ ಊರಿನವರು ತಿರುಗಿಬಿದ್ದರು. ಮಧ್ಯಾಹ್ನದ ಹೊತ್ತಿಗೆ ನಾರ್ಮನ್ನರು ಗುಡ್ಡಕ್ಕೆ ಬೆಂಕಿ ಇಟ್ಟರು.

ನಮ್ಮ ಓಣಿಯಲ್ಲಿ ಹದಿನೇಳು ಮನೆ. ಮೊದಲು ನಮ್ಮದಕ್ಕೇ ಬಂದರು. ಏಕೋ ಗೊತ್ತಿಲ್ಲ. ರಾಜನ ಕಡೆಯವನಾದ ನೀನು ಬಾಗಿಲು ತಟ್ಟಿ ಹಿಂದಿರುಗಿದ್ದೆ. ಪೋಪರ ಕಡೆಯವರು ತಟ್ಟಲಿಲ್ಲ.

ಸಾಸ್ಸೊ ವೈನಿನ ಬಟ್ಟಲು ಹಿಡಿದು ಎದುರು ಹೋದ. "ನಾವು ಪೋಪರ ಕಡೆಯೋರು ಕಣ್ರಪ್ಪಾ!" ಎಂದ. ಅವರಿಗೆ ನಮ್ಮ ಮಾತು ಬರುವುದಿಲ್ಲ. ಕೊಡಲಿ ಕುತ್ತಿಗೆಗೆ ಬಿತ್ತು. ಮೇಜಿನ ಮೇಲೆ ಅಡ್ಡ ಬಿದ್ದ. ಅವನು ಇನ್ನೂ ಒದ್ದಾಡುತ್ತಿದ್ದಾಗಲೇ ಒಬ್ಬ ಕೈ ಚಾಚಿ ರೊಟ್ಟಿ ತೆಗೆದುಕೊಂಡು ತಿಂದ. ಇನ್ನೊಬ್ಬ ರೊಗಾತಾಳ ಜಡೆ ಹಿಡಿದ. ಮೂಲೆಯಲ್ಲಿ ಸುಣ್ಣದ ಮಡಕೆ ಇತ್ತು. ಬೊಗಸೆ ತುಂಬ ತೆಗೆದು ಅವನ ಮುಖಕ್ಕೆ ಎರಚಿದೆ. ಎರಡು ವರ್ಷ ಕುಟ್ಟಿದ್ದ ಸುಣ್ಣ ಏನು ಮಾಡುತ್ತದೆ ಎಂದು ಅಂದು ಮೊದಲ ಸಲ ಕಣ್ಣಾರೆ ನೋಡಿದೆ. ಅವನು ತನ್ನ ಭಾಷೆಯಲ್ಲಿ ನೀರು ನೀರು ಎಂದು ಕೂಗುತ್ತಿದ್ದ. ಅದು ಅರ್ಥವಾಗಲು ಭಾಷೆ ಬೇಕಿರಲಿಲ್ಲ. ಅಷ್ಟರಲ್ಲಿ ಕೊಡಲಿಯ ಹಿಂಬದಿ ನನ್ನ ತೋಳಿಗೆ ಬಿತ್ತು.

ಎಚ್ಚರವಾದಾಗ ಮನೆ ತುಂಬ ಹೊಗೆ. ರೊಗಾತಾ ಇರಲಿಲ್ಲ. ಕೂಸು ಮೇಜಿನ ಕೆಳಗಿತ್ತು, ಮೈಮೇಲೆ ಒಂದು ಗಾಯವಿಲ್ಲ. ಎತ್ತಿಕೊಂಡು ಹೊರಗೆ ಓಡಿದೆ. ಓಣಿಯ ಕೊನೆ ಮುಟ್ಟಿದಾಗ ಅದಕ್ಕೆ ಉಸಿರಿಲ್ಲ ಎಂದು ತಿಳಿಯಿತು. ಅದರ ಹೆಸರು ನಿನಗೆ ಹೇಳಿರಲಿಲ್ಲ. ಗಿಸ್ಲಾ.

ಹಗ್ಗದಲ್ಲಿ ಕಟ್ಟಿದ ಸಾವಿರಾರು ಜನರ ಸಾಲಿನಲ್ಲಿ ರೊಗಾತಾಳ ತಲೆ ಕಂಡಿತು. ಹಿಂದೆಯೇ ನಡೆದೆ. ಅದೇ ದಂಡು, ಅದೇ ದಾರಿ. ಮುಂದೆ ಪೋಪರ ಪಲ್ಲಕ್ಕಿ, ಹಿಂದೆ ಹಗ್ಗದಲ್ಲಿ ನನ್ನ ಮಗಳು. ಸಲೆರ್ನೊದಲ್ಲಿ ಸಾಲನ್ನು ಒಡೆದು ಹಡಗಿಗೆ ತುಂಬಿದರು. ಕಲಾಬ್ರಿಯಾ ಕಡೆಗಂತೆ.

ಪೋಪರು ಇರುವ ಮಠದ ಬಾಗಿಲಲ್ಲಿ ಹನ್ನೊಂದು ದಿನ ಕೂತೆ. ಕೊನೆಗೆ ಒಬ್ಬ ಗುಮಾಸ್ತ ಬಂದ. "ನನ್ ಮಗಳನ್ನ ಬಿಡು ಅಂತ ದೊರೆಗೆ ಒಂದು ಸಾಲು ಬರೆಸ್ಕೊಡಿ ಸ್ವಾಮಿ. ಚಕ್ರವರ್ತಿಗೇ ಬಹಿಷ್ಕಾರ ಹಾಕಿದ ಕೈ ಅದು" ಎಂದೆ. ಅವನು ಕೆಟ್ಟವನಲ್ಲ. ಸುತ್ತ ನೋಡಿ ದನಿ ತಗ್ಗಿಸಿದ. "ಅಮ್ಮಾ, ಇಲ್ಲಿ ನಾವು ತಿನ್ನೋ ರೊಟ್ಟಿ ಆ ದೊರೇದೇ."

ಇಲ್ಲಿ ದೊಡ್ಡ ಚರ್ಚು ಕಟ್ಟುತ್ತಿದ್ದಾರೆ. ಸುಣ್ಣ ಸುಡುವ ಕೆಲಸ ಸಿಕ್ಕಿದೆ. ಅವಳನ್ನು ಹುಡುಕುತ್ತಿದ್ದೇನೆ.

ಅಕ್ಕ


ಲೋದಿಯ ಹತ್ತಿರ
1085, ಜೂನ್ 28

ಅಕ್ಕಾ,

ನಿನ್ನ ಕಾಗದ ನಾಲ್ಕು ತಿಂಗಳು ಅಲೆದು ಬಂದು ಸೇರಿತು.

ರಾಜ ಕೂರಿಸಿದ ಹೊಸ ಪೋಪರು ನನ್ನ ಚರ್ಚನ್ನು ನನಗೆ ಮರಳಿ ಕೊಟ್ಟರು. ಗಿಸ್ಲಾಳಿಗೆ ಕಲ್ಲು ಹೊಡೆದ ಕೈಗಳೇ ಈಗ ರೊಟ್ಟಿಗಾಗಿ ನನ್ನ ಮುಂದೆ ಚಾಚುತ್ತವೆ. ಕೊಡುತ್ತೇನೆ. ಗಾಣಿಗ ಎಲ್ಲರಿಗಿಂತ ಮೊದಲು ಬರುತ್ತಾನೆ. ನಿನ್ನ ಪೋಪರು ಸಲೆರ್ನೊದಲ್ಲಿ ತೀರಿಕೊಂಡರು ಎಂಬ ಸುದ್ದಿ ಬಂದಾಗ ಊರಿನವರು ಖುಷಿಗೆ ಗಂಟೆ ಹೊಡೆಯಿರಿ ಎಂದರು. ಐದು ವರ್ಷ ಆ ಸಾವನ್ನೇ ಬೇಡಿದವನು ನಾನು. ಹಗ್ಗ ಮೂರು ಸಲ ಎಳೆದೆ, ಆಮೇಲೆ ಕೈ ಬಿಟ್ಟೆ. ಗಿಸ್ಲಾ ಎಲ್ಲಿಂದಲೂ ಎದ್ದು ಬರಲಿಲ್ಲ. ಮರುದಿನ ನಿನ್ನ ಕಾಗದ.

ಅವರು ಮೊದಲು ನಿನ್ನ ಮನೆಗೇ ಏಕೆ ಬಂದರು ಎಂದು ನಿನಗೆ ಗೊತ್ತಿಲ್ಲ. ನನಗೆ ಗೊತ್ತು. ಬಾಗಿಲ ಮೇಲೆ ರಾಜನ ಗುರುತಿತ್ತು. ಬರೆದವನು ನಾನು, ಒರೆಸಬೇಡ ಎಂದವನೂ ನಾನು. ಒಬ್ಬ ಗಿಸ್ಲಾಳನ್ನು ನಿನ್ನ ಪೋಪರ ಆಜ್ಞೆ ಕೊಂದಿತು. ಇನ್ನೊಬ್ಬಳನ್ನು ನನ್ನ ಕೈ ಕೊಂದಿತು.

ಎಲ್ಲಿಗೆ ಬರಲಿ ಎಂದು ಬರೆ, ಚರ್ಚಿಗೆ ಬೀಗ ಹಾಕಿ ಬರುತ್ತೇನೆ. ಇಬ್ಬರೂ ಸೇರಿ ಹುಡುಕೋಣ.

ಬೆರಾಲ್ಡೊ


ಕಲಾಬ್ರಿಯಾ, ಕೊಸೆಂಜಾದ ಹತ್ತಿರ
1085, ಸೆಪ್ಟೆಂಬರ್ 14

ತಮ್ಮಾ,

ಬರಬೇಡ. ರೊಗಾತಾ ಸಿಕ್ಕಳು.

ಒಬ್ಬ ನಾರ್ಮನ್ ಸರದಾರನ ಆಲಿವ್ ತೋಟದಲ್ಲಿದ್ದಳು. ಅವನು ಬೆಟ್ಟದ ಮೇಲೆ ಕೋಟೆ ಕಟ್ಟಿಸುತ್ತಿದ್ದಾನೆ. ಅವನ ಆಳುಗಳು ಸುಟ್ಟ ಸುಣ್ಣ ಗಾರೆಗೆ ಕಚ್ಚುತ್ತಿರಲಿಲ್ಲ, ಕಟ್ಟಿದ ಗೋಡೆ ಎರಡು ಸಲ ಬಿದ್ದು ಐದು ಜನ ಸತ್ತಿದ್ದರು. ನಾನು ಹೋಗಿ ಅವನ ಭಟ್ಟಿ ನೋಡಿದೆ. "ಈ ಬೆಂಕೀಲಿ ಸುಣ್ಣ ಅಲ್ಲ, ಮೊಟ್ಟೇನೂ ಬೇಯಲ್ಲ" ಎಂದೆ. ದುಭಾಷಿ ಹೇಳಿದಾಗ ಅವನು ನಕ್ಕ. ಒಂದು ಭಟ್ಟಿ ಸುಟ್ಟು ತೋರಿಸಿದೆ. "ಇವಳನ್ನ ಬಿಡು, ನಾನಿರ್ತೀನಿ. ನಿನ್ ಕೋಟೆ ಮುಗಿದ್ಮೇಲೂ ಇರ್ತೀನಿ" ಎಂದೆ. ಒಪ್ಪಿದ. ಇದರಲ್ಲಿ ನೀನು ಅಳುವಂಥದ್ದೇನಿಲ್ಲ. ಭಟ್ಟಿ ಎಲ್ಲಿದ್ದರೂ ಭಟ್ಟಿಯೇ.

ಬಾಗಿಲ ಗುರುತಿನ ಮಾತು ನನಗೆ ಅಂದೇ ಗೊತ್ತಿತ್ತು. ಬಾಗಿಲು ಒಡೆಯುವ ಮೊದಲು ಅವರು ಅದರ ಮೇಲೆ ಉಗುಳಿದ್ದು ಸಂದಿನಿಂದ ಕಂಡೆ. ನಿನಗೆ ಬರೆಯಬಾರದು ಎಂದೇ ಬರೆಯಲಿಲ್ಲ. ಒರೆಸು ಎಂದು ಮಗಳು ಬೇಡಿಕೊಂಡರೂ ಒರೆಸದಿದ್ದವಳು ನಾನು. ಪಾಲು ಹಂಚುವುದಾದರೆ ಅರ್ಧ ನನ್ನದು. ಇನ್ನು ಆ ಮಾತು ಬೇಡ.

ಈ ಕಾಗದ ತಂದವಳೇ ರೊಗಾತಾ. ಅಮಾಲ್ಫಿಯ ಯಾತ್ರಿಕರ ಗುಂಪಿನಲ್ಲಿ ಕಳಿಸಿದ್ದೇನೆ. ನಿನಗೆ ಗುರುತು ಸಿಗಲಿಕ್ಕಿಲ್ಲ. ಮೂಗಿನ ತುದಿ ಕೊಯ್ದಿದ್ದಾರೆ, ಒಮ್ಮೆ ಓಡಲು ಹೋಗಿದ್ದಕ್ಕೆ. ಮಾತಾಡುವುದಿಲ್ಲ. ಮಾತಾಡಿಸಬೇಡ. ಒಳಗಿನಿಂದ ಅಗುಳಿ ಹಾಕಿಕೊಳ್ಳುವಂಥ ಒಂದು ಕೋಣೆ ಕೊಡು. ಅವಳ ಹಿಂದಿನಿಂದ ನಡೆಯಬೇಡ, ಎದುರಿನಿಂದ ಹೋಗು.

ಅವಳಿಗೆ ಐದು ತಿಂಗಳು. ಯಾರದು ಎಂದು ನಿನ್ನ ಊರಿನವರು ಕೇಳುತ್ತಾರೆ. ನಮ್ಮಕ್ಕನ ಮೊಮ್ಮಗು ಎನ್ನು. ಹುಟ್ಟಿದಾಗ ನೀನೇ ಜ್ಞಾನಸ್ನಾನ ಮಾಡಿಸು. ನಿನ್ನ ಕೈಯಿಂದಲೇ ಆಗಲಿ ಎಂದು ನಾನು ಹೇಳುತ್ತಿದ್ದೇನೆ.

ಇನ್ನು ಓದುತ್ತಾ ಕೂರಬೇಡ, ಏಳು. ನೀನು ಹೇಳುವ ತನಕ ಅವಳು ಕೂರುವುದಿಲ್ಲ. ಬಾಗಿಲಲ್ಲಿ ನಿಂತೇ ಇರುತ್ತಾಳೆ.

ಅಕ್ಕ